ಗೋಡೆಗೆ ಮುಖ ಮಾಡಿದ ಮೂರ್ತಿಗಳು

ಅಣ್ಣನಿಗೆ ಒಂದು ಸತ್ಯ ಹೇಳಬೇಕಿತ್ತು. ನಾನು ಹೇಳಲಿಲ್ಲ. ಹೇಳಿದ್ದರೆ ಆ ರಾತ್ರಿ ನಮ್ಮ ಮನೆಗೆ ಬರುತ್ತಿತ್ತೋ ಇಲ್ಲವೋ... ಗೊತ್ತಿಲ್ಲ. ಇದನ್ನು ಕಟ್ಟುಕತೆ ಎನ್ನುವವರು ಎನ್ನಲಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಕತೆ ಕಟ್ಟಲು ಬರುವುದಿಲ್ಲ.

ಸಾಗರದಲ್ಲಿ ನಮ್ಮದು ಮರದ ಕೆತ್ತನೆ ಮಾಡುವ ಮನೆ. ರಸ್ತೆ ಕಡೆಗೆ ಅಂಗಡಿ, ಹಿಂದೆ ವಾಸ. ಅಣ್ಣ ಮಂಜುನಾಥ ಶಿವಣೆ ಮರದಲ್ಲಿ ದೇವರ ಮೂರ್ತಿ ಕೆತ್ತುತ್ತಾನೆ, ನಾನು ಉಜ್ಜಿ ಪಾಲಿಶ್ ಹಾಕುತ್ತೇನೆ. ಮನೆಯಲ್ಲಿ ನಾವಿಬ್ಬರೇ.

ಅವನದು ಮೊದಲಿನಿಂದಲೂ ಒಂಟಿ ಸ್ವಭಾವ. ಹಾಗಾಗಿ ಬದಲಾಗಿದ್ದು ನನಗೆ ತಿಳಿಯಲೇ ಇಲ್ಲ. ಹೋಟೆಲಿನ ಚಹಾ ಬಿಟ್ಟ. ಬೀದಿಯಲ್ಲಿ ಯಾರು ನಕ್ಕರೂ ತನ್ನನ್ನೇ ನೋಡಿ ನಕ್ಕರು ಎಂದ. ಆಮೇಲೆ, ಮೂರ್ತಿಗಳ ಕಣ್ಣಿನೊಳಗಿಂದ ಯಾರೋ ತನ್ನನ್ನು ನೋಡುತ್ತಾರೆ ಎಂದ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಒಂದೊಂದನ್ನೂ ಗೋಡೆಗೆ ಮುಖ ಮಾಡಿ ನಿಲ್ಲಿಸತೊಡಗಿದ.

ಬೆಳಿಗ್ಗೆ ಗಿರಾಕಿಗಳಿಗೆ ಬರೀ ಬೆನ್ನು ಕಾಣುತ್ತಿತ್ತು. ತೀರ್ಥಹಳ್ಳಿಯಿಂದ ಬಂದವರೊಬ್ಬರು, "ಎಂತಮ್ಮಾ, ನಿಮ್ ದೇವ್ರೆಲ್ಲ ಸಿಟ್ ಮಾಡ್ಕಂಡಿದಾವಾ?" ಎಂದು ನಕ್ಕರು. ನನಗೆ ತಲೆ ಎತ್ತಲಾಗಲಿಲ್ಲ. ಮರುದಿನದಿಂದ ಅಣ್ಣ ಏಳುವ ಮೊದಲೇ ಎದ್ದು, ಎಲ್ಲವನ್ನೂ ರಸ್ತೆ ಕಡೆಗೆ ತಿರುಗಿಸಿಡುತ್ತಿದ್ದೆ.

"ಯಾರೇ ತಿರುಗ್ಸಿದ್ದು?"

"ಯಾರ್ ತಿರುಗಿಸ್ತಾರೆ? ನೀನೇ ಮಾಡಿ ಮರ್ತಿರ್ಬೇಕು."

ಅವನು ಮೂರ್ತಿಗಳ ಬುಡದಲ್ಲಿ ಮರದ ಹೊಟ್ಟು ಉದುರಿಸಿಟ್ಟ. ಮುಟ್ಟಿದವರ ಗುರುತು ಸಿಗಲಿ ಎಂದು. ನಾನು ತಿರುಗಿಸಿದ ಮೇಲೆ ಮತ್ತೆ ಹೊಟ್ಟು ಉದುರಿಸಿ ಸರಿ ಮಾಡುತ್ತಿದ್ದೆ.

ಅದನ್ನು ನೋಡಿ ಅವನು ಪಿಸುಗುಟ್ಟಿದ, "ಹೊಟ್ಟು ಹಂಗೇ ಇದೆ ಸುಮಿ... ಕೈ ಇಲ್ದೋರು ಯಾರೋ ಬರ್ತಾ ಇದಾರೆ."

ಅಂದು ಕೆಳಗಿಟ್ಟ ಉಳಿಯನ್ನು ಅವನು ಮತ್ತೆ ಮುಟ್ಟಲಿಲ್ಲ.

ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡು ಹೇಳಿದರು. "ಇದು ಕಾಯಿಲೆ, ಮಾತ್ರೆ ಬಿಡಿಸಬೇಡಿ. ಅವರ ಜೊತೆ ವಾದ ಮಾಡಬೇಡಿ, ಹೂಂ ಅಂತಾನೂ ಅನ್ನಬೇಡಿ. 'ನಿಂಗೆ ಭಯ ಆಗಿದೆ, ನಾನಿದೀನಿ' ಅನ್ನಿ. ಬೆನ್ನ ಹಿಂದೆ ಮಾತ್ರ ಏನೂ ಮಾಡಬೇಡಿ."

ಅಂದಿನಿಂದ ತಿರುಗಿಸುವುದನ್ನು ಬಿಟ್ಟೆ, ಆದರೆ ಹೇಳಲಿಲ್ಲ. ಹೇಗೆ ಹೇಳಲಿ? ಅನ್ನವನ್ನೂ ಮಾತ್ರೆಯನ್ನೂ ಅವನು ನನ್ನ ಕೈಯಿಂದ ಮಾತ್ರ ತೆಗೆದುಕೊಳ್ಳುತ್ತಿದ್ದ. ಆ ನಂಬಿಕೆ ಹೋದರೆ ಮಾತ್ರೆಯೂ ನಿಲ್ಲುತ್ತಿತ್ತು.

ಮಾಗಿ ಚಳಿಯ ಒಂದು ಸಂಜೆ ಅವನೇ ಹೇಳಿದ, "ಇವತ್ತು ಎಲ್ಲಾನೂ ನೀನೇ ಇನ್ನೊಂದ್ಸಲ ಇಡು ಸುಮಿ. ನೀನಿಟ್ರೆ ಅವ್ರು ಮುಟ್ಟಲ್ಲ."

ಒಂದೊಂದನ್ನೂ ಎತ್ತಿ ಮತ್ತೆ ಗೋಡೆಗೆ ಮುಖ ಮಾಡಿ ಇಟ್ಟೆ. ಹೊಟ್ಟು ಉದುರಿಸಿದೆ. ಒಳಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಹೊಸನಗರದ ಕಡೆಯ ಕೊನೆ ಬಸ್ಸಿನ ಸದ್ದು ದೂರವಾಯಿತು. ಆಮೇಲೆ...

ಸರ್ರ್...

ಹಲಗೆಯ ಮೇಲೆ ಮರ ಎಳೆದ ಹಾಗೆ. ಇಲಿ ಇರಬೇಕು ಎಂದುಕೊಂಡೆ. ಅಷ್ಟರಲ್ಲಿ ವಾಸನೆ ಬಂತು. ಆಗ ತಾನೇ ಕೊಯ್ದ ಹಸಿ ಶಿವಣೆಯ ವಾಸನೆ. ಉಳಿ ಮುಟ್ಟಿ ತಿಂಗಳುಗಳೇ ಆಗಿದ್ದ ಮನೆಯಲ್ಲಿ! ಪಕ್ಕದಲ್ಲೇ ಅಣ್ಣ ಮಲಗಿದ್ದ. ಅವನ ಉಸಿರು ಕೇಳುತ್ತಿತ್ತು.

ಸರ್ರ್...

ಬೀಗ ತೆಗೆದು ಮೊಬೈಲಿನ ಬೆಳಕು ಬಿಟ್ಟೆ.

ಎಲ್ಲವೂ ತಿರುಗಿದ್ದವು. ನಾನು ದಿನಾ ತಿರುಗಿಸುತ್ತಿದ್ದಂತೆ ರಸ್ತೆ ಕಡೆಗಲ್ಲ... ಒಳಬಾಗಿಲ ಕಡೆಗೆ. ನನ್ನ ಕಡೆಗೆ. ಹೊಟ್ಟಿನ ಮೇಲೆ ಒಂದು ಬೆರಳಿನ ಗುರುತೂ ಇರಲಿಲ್ಲ. ರಸ್ತೆ ಬಾಗಿಲ ಚಿಲಕ ಹಾಕಿದಂತೆಯೇ ಇತ್ತು.

ಬೆನ್ನ ಹಿಂದೆ ಅಣ್ಣನ ದನಿ. "ಸುಮಿ... ತಿರುಗಿದಾವಾ?"

ಇಲ್ಲ ಎನ್ನಬಹುದಿತ್ತು.

"ತಿರುಗಿದಾವೆ. ನಂಗೂ ಹೆದ್ರಿಕೆ ಆಗ್ತಾ ಇದೆ ಅಣ್ಣ."

ಅವನು ನನ್ನ ಕೈ ಹಿಡಿದುಕೊಂಡ. "ನೀನು ಸುಳ್ ಹೇಳಲ್ಲ, ನಂಗೊತ್ತು."

ಬೆಳಗಾಗುವವರೆಗೂ ಒಲೆಯ ಮುಂದೆ ಕೂತೆವು.

ಮರುದಿನ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಅವರು ಮೆತ್ತಗೆ, "ನಿದ್ದೆಗೆಟ್ಟಿದೀರಿ. ನೀವೇ ತಿರುಗಿಸಿ ಮರೆತಿರಬಹುದು" ಎಂದರು.

ನಾನು ಅಣ್ಣನಿಗೆ ದಿನಾ ಹೇಳುತ್ತಿದ್ದ ಮಾತು! ಕೇಳಿದವರಿಗೆ ಅದು ಹೇಗಿರುತ್ತದೆ ಎಂದು ಅಂದು ತಿಳಿಯಿತು.

ಆ ರಾತ್ರಿ ಏನಾಯಿತು, ನನಗೆ ಇಂದಿಗೂ ಗೊತ್ತಿಲ್ಲ. ಈಗಲೂ ಆ ಮೂರ್ತಿಗಳಿಗೆ ಬೆನ್ನು ಕೊಟ್ಟು ನಾನು ಕೂರುವುದಿಲ್ಲ. ಆದರೆ ಅಂದು ಮನೆಗೆ ಬಂದವಳೇ, ಮಾತ್ರೆ ಕೊಡುವ ಮೊದಲು ಎಲ್ಲವನ್ನೂ ಹೇಳಿಬಿಟ್ಟೆ. ಗಿರಾಕಿ ನಕ್ಕಿದ್ದು, ನಸುಕಿನಲ್ಲಿ ಎದ್ದದ್ದು, ಹೊಟ್ಟು ಸರಿ ಮಾಡಿದ್ದು.

ಅಣ್ಣ ನನ್ನ ಅಂಗೈಯಲ್ಲಿದ್ದ ಮಾತ್ರೆಯನ್ನು ತುಂಬಾ ಹೊತ್ತು ನೋಡಿದ. ಇನ್ನು ಮುಟ್ಟುವುದಿಲ್ಲ ಎಂದುಕೊಂಡೆ. ಕೊನೆಗೆ ತೆಗೆದುಕೊಂಡು ನುಂಗಿದ. ಲೋಟ ಕೆಳಗಿಟ್ಟು ಕೇಳಿದ, "ನಿನ್ನೆ ರಾತ್ರಿದೂ ನೀನೇಯಾ?"

"ಅದು ನಾನಲ್ಲ ಅಣ್ಣ. ಅದಕ್ ಮುಂಚಿಂದೆಲ್ಲ ನಾನೇ. ನೀನು ಮರ್ತಿರ್ಲಿಲ್ಲ, ನಾನು ಸುಳ್ ಹೇಳ್ದೆ. ನಂದು ತಪ್ಪಾಯ್ತು."