ಕಾಲುವೆಯ ಕೊನೆಯ ಹದಿನಾಲ್ಕು ಹೊಲ

ನಾನು ಮಲ್ಲಯ್ಯ, ರಾಯಚೂರಿನ ಕಾಲೇಜೊಂದರ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಅಟೆಂಡರ್. ಇಪ್ಪತ್ತಾರು ವರ್ಷದಿಂದ ಪಿಎಚ್‌ಡಿ ಮಾಡಿಸುವ ಗೈಡುಗಳನ್ನು ನೋಡುತ್ತಿದ್ದೇನೆ. ವಿದ್ಯಾರ್ಥಿಗಳಿಂದ ಮನೆಯ ಗ್ಯಾಸ್ ಸಿಲಿಂಡರ್ ಹೊರಿಸಿದವರೂ ಇದ್ದಾರೆ. ಆಗೆಲ್ಲ ನಾನು ಬಾಯಿ ಮುಚ್ಚಿಕೊಂಡಿದ್ದೆ, ಅದಕ್ಕೆ ನನಗೆ ನಾಚಿಕೆಯಿದೆ.

ದೇವದುರ್ಗ ಕಡೆಯ ಅರಕೇರಾದ ಶಶಿಕಲಾ, ಬಸವಪ್ರಸಾದ ಸರ್ ಹತ್ತಿರ ಪಿಎಚ್‌ಡಿಗೆ ಸೇರಿದ್ದಳು. ಸವಳು ಭೂಮಿಯ ಉಪ್ಪು ಕಳೆಯಲು ಸರ್ ಒಂದು ಪುಡಿ ತಯಾರಿಸಿದ್ದರು. ಅದನ್ನು ಹಾಕಿದ ಮಾನ್ವಿಯ ಭತ್ತದ ಹೊಲಗಳಿಂದ ಮಣ್ಣು ತಂದು ಉಪ್ಪು ಅಳೆಯುವುದು ಅವಳ ಕೆಲಸ. ಸರ್ ನೋಡಿದ್ದು ಕಾರು ಹೋಗುವ ಹೊಲಗಳನ್ನಷ್ಟೇ. ಇವಳು ಕಾಲುವೆಯ ಕೊನೆಯವರೆಗೂ ನಡೆದಳು. ಅಲ್ಲಿನ ಹದಿನಾಲ್ಕು ಹೊಲಗಳಲ್ಲಿ ಉಪ್ಪು ಇದ್ದ ಹಾಗೇ ಇತ್ತು.

"ಆ ಹದಿನಾಲ್ಕೂ ತಗದ ಹಾಕು," ಅಂದರು ಸರ್.

"ಯಾಕ್ರೀ ಸರ್? ಅವೂ ಹೊಲಾನ ಅದಾವಲ್ರೀ."

"ಹಂಗಾದ್ರ ನನ್ನ ಸಹಿ ಮರತ ಬಿಡು."

ಪ್ರಬಂಧದ ಮೇಲೆ ಗೈಡಿನ ಸಹಿ ಇಲ್ಲವೆಂದರೆ ಐದು ವರ್ಷದ ದುಡಿಮೆ ಮಣ್ಣುಪಾಲು. ಹುಡುಗಿ ಜಗ್ಗಲಿಲ್ಲ, ಗೈಡನ್ನೇ ಬದಲಿಸಿ ಎಂದು ಅರ್ಜಿ ಕೊಟ್ಟಳು. ಉಳಿದ ಮಾಸ್ತರರೆಲ್ಲ ಮೆಲ್ಲಗೆ ಜಾರಿಕೊಂಡರು. ಒಪ್ಪಿದವರು ಸುಗ್ರಾ ಬೇಗಂ ಮೇಡಂ ಒಬ್ಬರೇ.

ಮೇಡಂ ಬೆನ್ನು ತಟ್ಟುತ್ತಾರೆಂದು ನಾನು ಕಾದಿದ್ದೆ. ಅವರು ಅವಳ ನೋಟ್‌ಬುಕ್ ತೆರೆದು ಒಂದು ಪುಟದ ಮೇಲೆ ಬೆರಳಿಟ್ಟರು. "ಒಂದ ಸಂಜಿ, ಅರ್ಧ ತಾಸಿನಾಗ ಮೂರು ಹೊಲದಾಗ ಗುಂಡಿ ಹೆಂಗ ತೋಡಿದಿ ಬೇಟಾ?"

ಶಶಿಕಲಾ ತಲೆ ತಗ್ಗಿಸಿದಳು. ಕವಿತಾಳದ ಕೊನೆಯ ಬಸ್ಸು ತಪ್ಪೀತೆಂದು, ಗುಂಡಿ ತೋಡದೆ ಮೇಲಿನ ಬಿಳಿ ಉಪ್ಪಿನ ಪದರನ್ನೇ ಕೆರೆದು ಚೀಲಕ್ಕೆ ತುಂಬಿದ್ದಳಂತೆ. ಹಾಗೆ ಕೆರೆದ ಮಣ್ಣಿನಲ್ಲಿ ಉಪ್ಪು ಇದ್ದದ್ದಕ್ಕಿಂತ ಹೆಚ್ಚೇ ತೋರುತ್ತದೆ.

"ಹದಿನಾಲ್ಕೂ ಮತ್ತ ತೋಡು. ನಾನೂ ಬರ್ತೀನಿ."

ನನಗೆ ಮೈ ಉರಿಯಿತು. ಇವರೂ ಆ ಸರ್ ಪೈಕಿಯೇ ಎಂದುಕೊಂಡೆ. ಆದರೆ ಐವತ್ತೆಂಟರ ಆ ಹೆಂಗಸು ನಿಜವಾಗಿಯೂ ಹೋಗಿ ಸಲಿಕೆ ಹಿಡಿದರು. ಕೆರೆದು ತಂದಿದ್ದ ಆ ಮೂರು ಹೊಲಗಳಲ್ಲಿ ಪುಡಿ ಕೆಲಸ ಮಾಡಿತ್ತು, ಉಳಿದ ಹನ್ನೊಂದರಲ್ಲಿ ಇಲ್ಲ. ಎರಡನ್ನೂ ಇದ್ದಂತೆಯೇ ಬರೆಸಿದರು.

ಕೊನೆಯ ಮೌಖಿಕ ಪರೀಕ್ಷೆಯ ದಿನ ಸಭೆ ತುಂಬಿತ್ತು. ಬಸವಪ್ರಸಾದ ಸರ್ ಎದ್ದು ನಿಂತರು. "ಅಂದ್ರ ಮದಲು ಮೂರು ಹೊಲ ತಪ್ಪು ಬರದಿದ್ದಿ ಅಂತ ಒಪ್ಪಿಕೊಂತೀಯೇನು?"

"ಹೌದ್ರೀ ಸರ್, ತಪ್ಪು ನಂದ. ಅದನ್ನ ಹಿಡದು ಮತ್ತ ತೋಡಿಸಿದವ್ರು ನನ್ನ ಗೈಡು. ಉಳಿದ ಹನ್ನೊಂದೂ ಮುಚ್ಚಿಡು ಅಂದವ್ರು ಯಾರಂತ ಇಲ್ಲೇ ಹೇಳ್ಲೇನ್ರೀ?"

ಸರ್ ಕೂತುಬಿಟ್ಟರು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕ ತೆಗೆದು, "ಹೇಳಮ್ಮಾ, ಕೇಳೋಣ," ಎಂದರು.

ಅವಳು ಹೇಳಿದಳು.