‘ಹಿಂದಿನಂತೆ’ ಎಂದರೆ ಯಾವ ಇಸವಿ?

ಭಾನುವಾರ, ಹನ್ನೆರಡನೇ ತಾರೀಖು. ಬೆಳಿಗ್ಗೆ ಆರು ನಲವತ್ತಕ್ಕೆ ಬರೆಯಲು ಶುರುಮಾಡಿದ್ದು.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ತಾರೀಖಿನ ಕಾಯಿಲೆಯಿದೆ. ಜನ್ನಾಪುರದಿಂದ ಶಿವಮೊಗ್ಗಕ್ಕೆ ಹೋಗುವ ನನ್ನ ಬಸ್ಸು ಈ ತಿಂಗಳು ಎಷ್ಟು ದಿನ ತಡವಾಯಿತು, ಅದಕ್ಕೆ ಎಷ್ಟು ದಿನ ಕಂಡಕ್ಟರ್ ನನ್ನನ್ನೇ ಬೈದ ಎಂಬುದೆಲ್ಲ ಡೈರಿಯಲ್ಲಿದೆ. ಉಪ್ಪಿನಕಾಯಿ ಭರಣಿಗೂ ಚೀಟಿ ಅಂಟಿಸುತ್ತೇನೆ. ಅಮ್ಮ ನಗುತ್ತಾಳೆ. ಆದರೆ ತಾರೀಖಿಲ್ಲದ ಭರಣಿಯೊಳಗಿರುವುದು ಕಾಪಾಡಿದ್ದೋ ಕೆಟ್ಟುಹೋದದ್ದೋ, ಹೇಳುವುದು ಹೇಗೆ?

ಈ ಕಾಯಿಲೆಯ ದೆಸೆಯಿಂದಲೇ ನಾನು ನಮ್ಮ ರಸ್ತೆಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ. ಅಕ್ಷರ ದುಂಡಗಿದೆ, ಎದುರು ಮಾತಾಡುವುದಿಲ್ಲ ಎಂಬುವು ಇನ್ನೆರಡು ಅರ್ಹತೆಗಳು.

ಹೋದ ಭಾನುವಾರ ತುರ್ತು ಸಭೆ ಕರೆದರು. ವಿಷಯ, ಶಾರದಮ್ಮನವರ ಮೂಲೆಮನೆ. ಅದನ್ನು ಬಾಡಿಗೆಗೆ ಕೇಳಿದವರು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಶಬಾನಾ. ಅವರ ತಾಯಿಗೆ ಮಂಡಿನೋವು. ಈಗಿರುವ ಮನೆಗೆ ಇಪ್ಪತ್ತೆರಡು ಮೆಟ್ಟಿಲು. ಆಕೆ ಇಳಿದು ಬೀದಿ ನೋಡಿ ತಿಂಗಳುಗಳಾಗಿವೆ. ಮೂಲೆಮನೆಗೆ ಇರುವುದು ಒಂದೇ ಮೆಟ್ಟಿಲು. ಎಣಿಸಿ ಬಂದಿದ್ದೇನೆ.

ಅಧ್ಯಕ್ಷ ರುದ್ರಪ್ಪನವರು ಕಾರ್ಖಾನೆಯಿಂದ ನಿವೃತ್ತರಾದ ಫೋರ್‌ಮನ್. ಕೆಟ್ಟವರಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಮೂರು ದಿನ ಗಂಜಿ ತಂದುಕೊಟ್ಟಿದ್ದರು, ಅದೂ ಡೈರಿಯಲ್ಲಿದೆ. “ಟೀಚರ್ ಬಗ್ಗೆ ನಂದೇನಿಲ್ಲ. ಆದ್ರೆ ನಮ್ಮ ರಸ್ತೆ ಹಿಂದೆ ಹೆಂಗಿತ್ತೋ ಹಂಗೇ ಇರ್ಲಿ. ಬರ್ಕೊಳಮ್ಮ,” ಎಂದರು.

ಬರೆದುಕೊಂಡೆ. ನಾಚಿಕೆಯ ಸಂಗತಿಯೆಂದರೆ, ಬಹಳ ದುಂಡಗೆ ಬರೆದುಕೊಂಡೆ: ‘ರಸ್ತೆಯನ್ನು ಹಿಂದಿನಂತೆಯೇ ಉಳಿಸಿಕೊಳ್ಳತಕ್ಕದ್ದು.’ ಇದು ತಪ್ಪು ಎನ್ನುವ ಧೈರ್ಯ ಬರಲಿಲ್ಲ. ಬಂದದ್ದು ಕಾಯಿಲೆ.

“ಯಾವ ಇಸವಿಯಂತೆ, ಸರ್?”

“ಎಲ್ಲದಕ್ಕೂ ಇಸವಿ ಯಾಕೆ ಮಾರಾಯ್ತಿ? ಬರಿ, ನಲ್ಲಿ ಬಂದ ವರ್ಷ.”

ಮುರುಗನ್ ಮೇಸ್ತ್ರಿ ಕೆಮ್ಮಿದರು. ಅವರ ತಂದೆ ಕಾರ್ಖಾನೆ ಕೆಲಸಕ್ಕೆಂದು ಸೇಲಂ ಕಡೆಯಿಂದ ಬಂದವರು. “ಆ ವರ್ಷ ಬೇಡ ಸಾರ್. ಆಗ ನಮ್ಮನ್ನ ಆ ನಲ್ಲಿ ಹತ್ರಾನೇ ಬಿಡ್ತಿರ್ಲಿಲ್ಲ.”

“ಸರಿಯಪ್ಪ, ಕಲರ್ ಟೀವಿ ಬಂದ ವರ್ಷ.”

ಈಗ ಶಾರದಮ್ಮನವರ ಸರದಿ. “ಆಗ ನನ್ನ ಮೂಲೆಮನೇಲಿ ಇದ್ದಿದ್ದು ಡ್ರೈವರ್ ಖಾದರ್ ಸಾಬ್ರು. ಹೋದ ವರ್ಷದವರೆಗೂ ಅವ್ರೇ ಇದ್ರು. ನಿನ್ನ ಹೆಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸಿದ್ದು ಯಾರು ರುದ್ರಣ್ಣ? ಮೇಲಿಂದ ಅವ್ರು ‘ಬಂತಾ’ ಅನ್ನೋದು, ಕೆಳಗಿಂದ ನೀನು ‘ಬಂತು, ಬಂತು, ಹೋಯ್ತು’ ಅನ್ನೋದು!”

“ಖಾದರ್ ಸಾಬ್ರ ವಿಷಯ ಬೇರೆ, ಅವ್ರು ನಮ್ಮೋರು. ಅವ್ರಿಗೂ ಮುಂಚೆ ಅಂತ ಬರಿ.”

“ಅವ್ರಿಗೂ ಮುಂಚೆ ಇಲ್ಲಿ ಬಳ್ಳಾರಿ ಜಾಲಿ ಇತ್ತು ಕಣಪ್ಪ. ನೀನೂ ಇರ್ಲಿಲ್ಲ.”

ಸಭೆಯಲ್ಲಿ ಕೂತವರೆಲ್ಲ ಇದ್ದು, ಖಾದರ್ ಸಾಬರು ಮಾತ್ರ ಇಲ್ಲದ ವರ್ಷವೊಂದು ಬೇಕಾಗಿತ್ತು. ಎರಡು ಸುತ್ತು ಚಹಾ ಆದರೂ ಸಿಗಲಿಲ್ಲ. ಇಸವಿಯ ಜಾಗ ಖಾಲಿ ಬಿಟ್ಟೆ. ಅಂದು ‘ಹಿಂದೆ’ ಎಂಬ ಮಾತು ಬಂದದ್ದು ಹತ್ತೊಂಬತ್ತು ಸಲ.

ಮರುದಿನ ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ಮೈಕು ಕಟ್ಟಿದ ಪ್ರಚಾರದ ಆಟೋ ಒಂದು ಎದುರಾಯಿತು. ಗತವೈಭವವನ್ನು ಮರಳಿ ತರುತ್ತಾರಂತೆ. ಪೆನ್ನು ತೆಗೆದು ನಿಂತೆ. ಆಟೋ ಎರಡು ಸುತ್ತು ಬಂತು, ಇಸವಿ ಮಾತ್ರ ಬರಲಿಲ್ಲ. ಆಗ ಹೊಳೆಯಿತು, ಇದು ಮರೆವಲ್ಲ, ಜಾಣತನ. ಇಸವಿ ಹೇಳಿದರೆ ಆ ವರ್ಷ ಬದುಕಿದ್ದವರು ಯಾರಾದರೂ ಕೆಮ್ಮಿಬಿಡುತ್ತಾರೆ. ಹಳೆಯದನ್ನು ಪ್ರೀತಿಸುವುದು ತಪ್ಪಲ್ಲ. ನಾನಂತೂ ಹಳೆಯ ಬಸ್ ಟಿಕೇಟನ್ನೂ ಎಸೆದವಳಲ್ಲ. ಆದರೆ ಹೆಂಚಿನ ಮೇಲಿದ್ದವನನ್ನು ಅಳಿಸಿ ಟೀವಿಯ ಚಿತ್ರವನ್ನಷ್ಟೇ ನೆನಪಿಟ್ಟುಕೊಳ್ಳುವುದಕ್ಕೆ ಪ್ರೀತಿ ಎನ್ನಬಹುದೇ?

ಮಂಗಳವಾರ ಸಂಜೆ ಐದು ಹತ್ತಕ್ಕೆ ಶಾರದಮ್ಮ ಮನೆಗೆ ಬಂದರು. “ಠರಾವು ಪಾಸಾಯ್ತೇನೇ?”

“ಇಸವಿ ಖಾಲಿ ಇದೆ. ಅದು ತುಂಬೋವರೆಗೆ ಯಾರ ಸಹೀನೂ ಹಾಕಿಸಲ್ಲ.”

“ಅಲ್ಲೀವರೆಗೆ ಬೀಗದ ಕೈ ನಂದೇ ತಾನೇ?”

ಗುರುವಾರ ಸಾಮಾನು ಬಂತು. ಶಬಾನಾರ ತಾಯಿ ಮಗಳ ಹೆಗಲು ಹಿಡಿದು ಆ ಒಂದು ಮೆಟ್ಟಿಲು ಹತ್ತಿದರು. ಹತ್ತಿದವರು ತಿರುಗಿ, ಮೆಟ್ಟಿಲ ಮೇಲೇ ಕೂತು, ಸಂಜೆಯವರೆಗೆ ಬೀದಿ ನೋಡಿದರು. ಗೇಟಿನ ಬಳಿ ನಿಂತಿದ್ದ ರುದ್ರಪ್ಪನವರು, “ಮಂಡಿಗೆ ಯಾವ ಎಣ್ಣೆ ಹಚ್ತೀರಿ?” ಎಂದು ಆಕೆಯನ್ನು ವಿಚಾರಿಸಿದರು. ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, “ಇಸವಿ ಸಿಕ್ತಾ?” ಎಂದರು.

ಸಿಕ್ಕಿಲ್ಲ. ಜನ್ನಾಪುರದ ನಮ್ಮ ರಸ್ತೆ ‘ಹಿಂದಿನಂತೆ’ ಇದ್ದದ್ದು ಯಾವ ಇಸವಿಯಲ್ಲಿ ಎಂದು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ತಿಂಗಳೂ ಗೊತ್ತಿದ್ದರೆ ಉತ್ತಮ. ಅವಸರವೇನಿಲ್ಲ. ಮೂಲೆಮನೆಯ ಕರಾರು ಹನ್ನೊಂದು ತಿಂಗಳದ್ದು. ಅದು ನವೀಕರಣವಾದ ಮೇಲೆ ಬರೆದರೂ ನಡೆದೀತು.