ರಾಯಿಕೋಡಿನವರ ಸೇಂದಿ ಗಡಿಗೆ

ನನ್ನ ಮದುವೆ ಮುರಿದದ್ದು ಒಂದು ದೊನ್ನೆ ಸೇಂದಿಗೆ ಅಂತ ನಮ್ಮ ಕೇರಿಯವರು ಈಗಲೂ ಹೇಳುತ್ತಾರೆ. ಹೇಳಲಿ. ನಡೆದದ್ದನ್ನು ನಾನೇ ಹೇಳುತ್ತೇನೆ.

ನಮ್ಮದು ನಿಜಾಮರ ರಾಜ್ಯ. ನ್ಯಾಲ್ಕಲ್ ಹತ್ತಿರದ ನಮ್ಮೂರಲ್ಲಿ ಶಾಲೆ ಇರಲಿಲ್ಲ. ಪಾದ್ರಿಯವರು ಕೊಟ್ಟ ಸುವಾರ್ತೆಯ ಪುಸ್ತಕ ಇಟ್ಟುಕೊಂಡು, ಗೋಡೆ ಮೇಲೆ ಇದ್ದಿಲಲ್ಲಿ ಗೀಚಿ ಗೀಚಿ ನಾನೇ ಓದಲು ಕಲಿತೆ. ಅಪ್ಪನಿಗೆ ಓದಿ ಹೇಳುತ್ತಿದ್ದವಳೂ ನಾನೇ. ಕೆರೆಯಲ್ಲಿ ದೀಕ್ಷಾಸ್ನಾನ ಆದ ದಿನವೇ ಅಪ್ಪ ಸೇಂದಿ ಬಿಟ್ಟ. ಅದಕ್ಕೆ ಮುಂಚೆ ಅವನ ಕೂಲಿಯೆಲ್ಲ ಸೇಂದಿ ದುಕಾನಕ್ಕೆ, ಏಟೆಲ್ಲ ಅವ್ವನ ಬೆನ್ನಿಗೆ. ಬಿಟ್ಟ ಮೇಲೂ ದುಕಾನದ ದಾರಿ ತಪ್ಪಿಸಿ ಹೊಲದ ಬದುವಿನ ಮೇಲೆ ಸುತ್ತಿ ಮನೆಗೆ ಬರುತ್ತಿದ್ದ. ಒಂದು ಗುಟುಕು ಬಾಯಿಗೆ ಬಿದ್ದರೆ ಮತ್ತೆ ಹಿಂದಿನದೇ ಗತಿ ಎಂದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಅಂಥದ್ದರಲ್ಲಿ ರಾಯಿಕೋಡಿನಿಂದ ಸಂಬಂಧ ಬಂತು. ಅವರೂ ದೀಕ್ಷೆ ಪಡೆದವರೇ, ಆದರೆ ಹಳೆಯ ಪದ್ಧತಿ ಬಿಟ್ಟಿರಲಿಲ್ಲ. ಹೆಣ್ಣಿನ ಅಪ್ಪ, ಗಂಡಿನ ಅಪ್ಪ ಒಂದೇ ಗಡಿಗೆಯ ಸೇಂದಿ ಕುಡಿದರೇನೇ ನಮ್ಮ ಜನರಲ್ಲಿ ಮಾತು ಕಟ್ಟಿದಂತೆ. ಹುಡುಗ ನನಗೆ ಒಪ್ಪಿಗೆಯಾಗಿದ್ದ. ಮುಚ್ಚಿಡುವುದೇನು, ಬಹಳ ಒಪ್ಪಿಗೆಯಾಗಿದ್ದ.

ಬೀಗರು ಗಡಿಗೆ ಹೊತ್ತುಕೊಂಡೇ ಬಂದರು. ಬೆಲ್ಲದ ನೀರು ಕುಡಿದು ಮಾತು ಮುಗಿಸೋಣ ಎಂದು ಅಪ್ಪ ಕೇಳಿಕೊಂಡ. ಗಂಡಿನ ಅಪ್ಪ ನಕ್ಕ.

"ನೀರಿಗಿ ಮಾತ್ ಕಟ್ತದೇನ್ರಿ ಬೀಗ್ರ? ನೀರ್ ಎಮ್ಮಿನೂ ಕುಡೀತದ. ಮಗಳ ಸಲುವಾಗಿ ಒಂದ್ ಗುಟುಕ್ ತಗೋರಿ."

ಅಪ್ಪ ಬಾಗಿಲಲ್ಲಿ ನಿಂತ ನನ್ನ ಮುಖ ನೋಡಿದ, ದೊನ್ನೆ ಕೈಗೆ ತೆಗೆದುಕೊಂಡ. ಹುಳಿ ವಾಸನೆ ಮನೆಯೆಲ್ಲ ತುಂಬಿತು. ಅವನು ದೊನ್ನೆಯನ್ನು ತುಟಿಯ ಹತ್ತಿರ ತಂದ. ಪಾಪಕ್ಕೆ ಸೆಳೆಯುವ ಶೋಧನೆಯಿಂದ ತಪ್ಪಿಸು ಎಂದು ನಾನು ದಿನಾ ಪ್ರಾರ್ಥನೆಯಲ್ಲಿ ಹೇಳುತ್ತಿದ್ದೆ. ಅದು ಕೋರೆಹಲ್ಲಿನ ಸೈತಾನನಾಗಿ ಬರುತ್ತದೆ ಅಂದುಕೊಂಡಿದ್ದೆ. ಮಗಳ ಮೇಲಿನ ಮಮತೆಯಾಗಿ ಬಂತು.

ನಿಶ್ಚಯದ ಹೆಣ್ಣು ಮಾತಾಡಬಾರದು. ಮಾತಾಡಿದೆ.

"ಅಪ್ಪಾ, ನನ್ ಸಲುವಾಗಿ ಕುಡೀಬ್ಯಾಡ. ಮದ್ವಿ ಇಲ್ದೆ ಇರ್ತೀನಿ, ಕುಡದ ನಿನ್ನ ಮತ್ತ ನೋಡಂಗಿಲ್ಲ."

ಈಗಲೇ ಹೀಗೆ ಬಾಯಿ ಮಾಡುವವಳು ನಮ್ಮ ಮನೆಗೆ ಬಂದರೆ ಏನು ಗತಿ ಎಂದಳು ಹುಡುಗನ ತಾಯಿ.

"ಬಂದ್ರ ನಿಮ್ಮನಿ ಗಡಿಗಿನೂ ತೊಳೀತೀನ್ರಿ ಅತ್ತಿ."

ಅಪ್ಪ ದೊನ್ನೆಯನ್ನು ನೆಲದ ಮೇಲೆ ಬೋರಲು ಹಾಕಿದ. ಅವರು ಎದ್ದರು. ಹುಡುಗ ಒಮ್ಮೆ ತಿರುಗಿ ನೋಡಿದ, ಅಷ್ಟೇ. ಸಿಟ್ಟಿನಲ್ಲಿ ಗಡಿಗೆ ಅಲ್ಲೇ ಬಿಟ್ಟು ಹೋದರು.

ಸೇಂದಿಯನ್ನು ತಿಪ್ಪೆಗೆ ಸುರಿದೆವು. ಗಡಿಗೆಯನ್ನು ಬೂದಿ ಹಾಕಿ ತಿಕ್ಕಿದೆ, ಹುಣಸೆಹಣ್ಣು ಹಾಕಿ ತಿಕ್ಕಿದೆ. ಗಡಿಗೆಯ ಮಣ್ಣು ಸೇಂದಿಯ ವಾಸನೆ ಬಿಟ್ಟುಕೊಡಲಿಲ್ಲ. ಒಡೆದು ಹಾಕು ಎಂದಳು ಅವ್ವ. ಅಪ್ಪ ಬಿಡಲಿಲ್ಲ. ಕುಳ್ಳಿನ ಬೆಂಕಿ ಮೇಲೆ ಬೋರಲಿಟ್ಟು, ಒಳಗೆಲ್ಲ ಕಾಯುವವರೆಗೂ ಪಕ್ಕದಲ್ಲೇ ಕೂತ.

"ಬರೇ ತೊಳದ್ರ ಹೋಗೂದಲ್ಲ ಇದು. ನಂಗ ಗೊತ್ತದ," ಎಂದ.

ಆರಿದ ಮೇಲೆ ಮೂಸಿದೆ. ಹೊಗೆಯ ವಾಸನೆ ಮಾತ್ರ ಇತ್ತು. ಅಪ್ಪ ಅದನ್ನು ಹೊತ್ತು ರಾಯಿಕೋಡಿಗೆ ನಡೆದೇ ಹೋದ, ಅವರ ಊರ ಬಾವಿಯಲ್ಲಿ ನೀರು ತುಂಬಿ ಅವರ ಹೊಸ್ತಿಲ ಮುಂದಿಟ್ಟು ಬಂದ. ಅವರು ಗಡಿಗೆಯನ್ನು ಒಳಗೆ ತೆಗೆದುಕೊಂಡರಂತೆ.

ಅಲ್ಲಿಂದ ಇನ್ನೂ ಮಾತು ಬಂದಿಲ್ಲ. ನನ್ನ ಓರಗೆಯವರು ಕಂಕುಳಲ್ಲಿ ಕೂಸು ಎತ್ತಿಕೊಂಡು ಪ್ರಾರ್ಥನೆಗೆ ಬರುತ್ತಾರೆ, ನನ್ನ ಕಡೆ ನೋಡಿ ಪಿಸುಗುಡುತ್ತಾರೆ. ಅಪ್ಪ ಈಗ ದುಕಾನದ ಮುಂದಿನಿಂದಲೇ ನಡೆದು ಮನೆಗೆ ಬರುತ್ತಾನೆ. ರಾಯಿಕೋಡಿನವರು ಬಂದರೆ ಬರಲಿ. ಅದೇ ಗಡಿಗೆ ತರಬೇಕು, ನೀರು ತುಂಬಿಸಿಕೊಂಡು.